ಏಪ್ರಿಲ್ 25ರ ನಸುಕು ಮತ್ತು ನಮ್ಮ ಮೈಸೂರಿನ ಕುದುರೆ ಸವಾರರು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೊರದೇಶದ ಹಬ್ಬ ಅಂದರೆ ನಮ್ಮ ಪತ್ರಿಕೆಗಳಲ್ಲಿ ಕ್ರಿಸ್‌ಮಸ್ ಕೇಕು, ಹ್ಯಾಲೊವೀನ್ ಕುಂಬಳಕಾಯಿ, ಪ್ರೇಮಿಗಳ ದಿನದ ಗುಲಾಬಿ ಇಷ್ಟೇ ಜಾಸ್ತಿ ಬರುತ್ತವೆ. ನಾಡಿದ್ದು ಏಪ್ರಿಲ್ 25. ಅಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆನ್ಜಾಕ್ ದಿನದ ರಜೆ. ಆನ್ಜಾಕ್ ಅಂದರೆ ಮೊದಲ ಮಹಾಯುದ್ಧಕ್ಕೆ ಹೋದ ಈ ಎರಡು ದೇಶಗಳ ಜಂಟಿ ಪಡೆ; ಯುದ್ಧದಲ್ಲಿ ತೀರಿಕೊಂಡವರನ್ನು ನೆನೆಯುವ ದಿನ ಇದು. ಆ ದಿನವನ್ನು ನಾನು ಅಲ್ಲೇ ಇದ್ದು ನೋಡಿದ್ದೇನೆ. ಅದರ ಬಗ್ಗೆ ಬರೆಯಬೇಕು ಅಂತ ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ.

2019ರ ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಹೋದೆ. ಮಾರ್ಚ್ ಕೊನೆಗೆ ವಾಪಸ್ ಬರಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಮಗು, ಮಗಳು, ಅಳಿಯ, ನಾನು ನಾಲ್ಕು ಗೋಡೆಯೊಳಗೆ ಉಳಿದೆವು. ಹೊರಗಿನವರು ಅಂತ ಮಾತಿಗೆ ಸಿಗುತ್ತಿದ್ದವರು ಪಕ್ಕದ ಮನೆಯ ಹಿರಿಯಾಕೆ ಒಬ್ಬರೇ. ಎಂಬತ್ತು ವರ್ಷ. ಬೇಲಿಯ ಆಚೆ ಅವರು, ಈಚೆ ನಾನು.

ಏಪ್ರಿಲ್ 24ರ ಸಂಜೆ ಅವರು ಬೇಲಿಯ ಕಂಬದ ಮೇಲೆ ಒಂದು ಡಬ್ಬಿ ಇಟ್ಟು ಹೋದರು. ಒಳಗೆ ಬಿಸ್ಕತ್ತು. ಓಟ್ಸ್, ಕೊಬ್ಬರಿ ತುರಿ, ಬೆಣ್ಣೆ, ಸಕ್ಕರೆ, ಜೊತೆಗೆ ನಮ್ಮ ಜೋನಿ ಬೆಲ್ಲದ ಹಾಗೆ ಕಾಣುವ ಗೋಲ್ಡನ್ ಸಿರಪ್. 'ಮೊಟ್ಟೆ ಇಲ್ಲ, ನೀವು ತಿನ್ನಬಹುದು' ಅಂತ ಚೀಟಿ ಬರೆದಿದ್ದರು. ಇದಕ್ಕೆ ಆನ್ಜಾಕ್ ಬಿಸ್ಕತ್ತು ಅಂತಲೇ ಹೆಸರು. ಯುದ್ಧಕ್ಕೆ ಹೋದ ಮಕ್ಕಳಿಗೆ ಹಡಗಿನಲ್ಲಿ ಕಳಿಸಿದರೂ ಕೆಡದಿರಲಿ ಅಂತ ಮೊಟ್ಟೆ ಹಾಕದೆ ಮಾಡುತ್ತಿದ್ದರು ಎಂದು ಅಲ್ಲಿ ಹೇಳುತ್ತಾರೆ. ಹಾಸ್ಟೆಲ್‌ಗೆ ಹೊರಟ ಮಕ್ಕಳಿಗೆ ನಾವು ಕೋಡುಬಳೆ, ಚಕ್ಕುಲಿ ಕಟ್ಟಿಕೊಡುತ್ತೇವಲ್ಲ, ಆ ಜಾತಿಯ ತಿಂಡಿ.

ಬೇರೆ ವರ್ಷಗಳಲ್ಲಿ ಆ ದಿನ ನಸುಕಿಗೇ ಸಾವಿರಾರು ಜನ ಸೇಂಟ್ ಕಿಲ್ಡಾ ರಸ್ತೆಯ ದೊಡ್ಡ ಸ್ಮಾರಕದ ಮುಂದೆ ಸೇರುತ್ತಾರೆ. ಆಮೇಲೆ ಹಳೆಯ ಸೈನಿಕರ ಮೆರವಣಿಗೆ. ಮಧ್ಯಾಹ್ನ ಒಂದರವರೆಗೆ ಹೆಚ್ಚಿನ ಅಂಗಡಿಗಳು ತೆರೆಯುವುದಿಲ್ಲ. ಆ ವರ್ಷ ಯಾವುದೂ ಇರಲಿಲ್ಲ. ಬದಲಿಗೆ, ಬೆಳಗ್ಗೆ ಆರಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಗೇಟಿನ ಹತ್ತಿರ ಮೇಣದಬತ್ತಿ ಹಿಡಿದು ನಿಲ್ಲಬೇಕು ಎಂದು ಮಾತಾಗಿತ್ತು.

ನಮ್ಮ ಮನೆಯಲ್ಲಿ ಮೇಣದಬತ್ತಿ ಇರಲಿಲ್ಲ. ದೀಪಾವಳಿಯ ಹಣತೆ ಇತ್ತು. ಎಣ್ಣೆ ಬತ್ತಿ ಹಾಕಿ, ಸೆರಗು ಅಡ್ಡ ಹಿಡಿದು ಹೊರಗೆ ಬಂದೆ. ಇನ್ನೂ ಕತ್ತಲೆ. ಚಳಿ. ಬೀದಿಯುದ್ದಕ್ಕೂ ಒಂದೊಂದು ಮನೆಯ ಮುಂದೆ ಒಂದೊಂದು ಬೆಳಕು. ಯಾರದೂ ಮಾತಿಲ್ಲ. ಬೀದಿಯ ಕೊನೆಯಲ್ಲಿ ಒಬ್ಬ ಹುಡುಗ ತುತ್ತೂರಿ ಊದಿದ. ನಡುವೆ ಒಂದು ಕಡೆ ಉಸಿರು ಸಾಲದೆ ಸ್ವರ ತಪ್ಪಿತು. ಅವನು ನಿಲ್ಲಿಸಿ ಮತ್ತೆ ಹಿಡಿದ. ಆಮೇಲೆ ಎಲ್ಲರೂ ತಲೆ ತಗ್ಗಿಸಿ ನಿಂತರು. ನನ್ನ ಕಣ್ಣು ತುಂಬಿ ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಪಕ್ಕದ ಮನೆಯಾಕೆ ಕೋಟಿನ ಬಲಗಡೆ ಮೂರು ಪದಕ, ಜೊತೆಗೆ ರೋಸ್ಮರಿ ಗಿಡದ ಒಂದು ಕುಡಿ ಸಿಕ್ಕಿಸಿಕೊಂಡಿದ್ದರು. ತಾನೇ ಗಳಿಸಿದ ಪದಕವಾದರೆ ಎದೆಯ ಎಡಗಡೆ, ಮನೆಯ ಹಿರಿಯರದಾದರೆ ಬಲಗಡೆ. ಅದು ಅಲ್ಲಿನ ಪದ್ಧತಿ. ಇವು ಅವರ ದೊಡ್ಡಪ್ಪನವು. ಆಕೆ ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ, 1915ರಲ್ಲಿ, ತುರ್ಕಿಯ ಗ್ಯಾಲಿಪೊಲಿಯಲ್ಲಿ ತೀರಿಕೊಂಡ ಹುಡುಗ. ಹತ್ತೊಂಬತ್ತು ವರ್ಷ. ಮುಖ ಕಂಡಿರದ ದೊಡ್ಡಪ್ಪನ ಹೆಸರನ್ನು ಆಕೆ ನನಗೆ ಎರಡು ಸಲ ಹೇಳಿದರು. ರೋಸ್ಮರಿ ಆ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದಂತೆ.

ಈ ದಿನ ಗೆಲುವಿನ ದಿನವಲ್ಲ ಅನ್ನುವುದು ನನ್ನ ಮನಸ್ಸಿಗೆ ತುಂಬ ನಾಟಿತು. 1915ರ ಏಪ್ರಿಲ್ 25ರ ಬೆಳಗಿನ ಜಾವ ಈ ಎರಡು ದೇಶಗಳ ಹುಡುಗರು ಗ್ಯಾಲಿಪೊಲಿಯ ದಂಡೆಗೆ ಇಳಿದರು. ಎಂಟು ತಿಂಗಳು ಕಾದಾಡಿ, ಏನೂ ಸಾಧಿಸದೆ, ಡಿಸೆಂಬರ್‌ನಲ್ಲಿ ಅಲ್ಲಿಂದ ಹಿಂದೆ ಬಂದರು. ಆಸ್ಟ್ರೇಲಿಯಾದವರೇ 8 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ತಮ್ಮ ನೆಲ ಕಾಯುತ್ತಿದ್ದ ತುರ್ಕಿಯ ಕಡೆ ಸತ್ತವರು 80 ಸಾವಿರಕ್ಕೂ ಮೇಲೆ. ಸೋಲಿನಲ್ಲಿ ಮುಗಿದ ಆ ಕಾದಾಟ ಶುರುವಾದ ದಿನವನ್ನು ಮರುವರ್ಷದಿಂದಲೇ ಇವರು ನೆನೆಯಲು ಶುರು ಮಾಡಿದರು.

ದೀಪ ಆರುವ ಹೊತ್ತಿಗೆ ಆಕೆ ನನ್ನನ್ನು ಕೇಳಿದರು: 'ನಿಮ್ಮವರೂ ಅಲ್ಲಿದ್ದರು, ಗೊತ್ತಲ್ಲ?' ನನಗೆ ಗೊತ್ತಿರಲಿಲ್ಲ. ಭಾರತದ ಸಾವಿರಾರು ಜನ ಗ್ಯಾಲಿಪೊಲಿಯಲ್ಲಿದ್ದರು. ಸಿಖ್ಖರು, ಗೂರ್ಖಾಗಳು, ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಹೊರಿಸಿಕೊಂಡು ಕಡಿದಾದ ಗುಡ್ಡ ಹತ್ತಿಸುತ್ತಿದ್ದವರು. ಗಾಯಾಳುಗಳನ್ನು ಕತ್ತೆಯ ಮೇಲೆ ಸಾಗಿಸಿದ ಸಿಂಪ್ಸನ್ ಅಂತ ಒಬ್ಬನಿದ್ದ. ಅಲ್ಲಿನ ಶಾಲಾ ಮಕ್ಕಳಿಗೆಲ್ಲ ಅವನ ಕಥೆ ಗೊತ್ತು. ಅವನು ತಂಗುತ್ತಿದ್ದುದು ನಮ್ಮವರ ಬಿಡಾರದಲ್ಲೇ.

ಅಂದು ರಾತ್ರಿ ಅಳಿಯನ ಜೊತೆ ಕೂತು ಓದುತ್ತಾ ಹೋದಾಗ ಮೈಸೂರು ಲ್ಯಾನ್ಸರ್ಸ್ ಹೆಸರು ಸಿಕ್ಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕುದುರೆ ದಳ. ಅವರು ಗ್ಯಾಲಿಪೊಲಿಗೆ ಹೋದವರಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿದ್ದವರು. ಅವರ ಪಡೆ ಸೇರಿದ್ದ ದೊಡ್ಡ ಸೇನೆಯ ನಾಯಕ ಹ್ಯಾರಿ ಶೋವೆಲ್, ಆಸ್ಟ್ರೇಲಿಯಾದವನು! 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ನಮ್ಮವರು ಈಗ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕಿಯವರಿಂದ ಹಿಡಿದರು. ಎದುರಿಗೆ ಮೆಷಿನ್ ಗನ್, ಕೈಯಲ್ಲಿ ಭರ್ಜಿ, ಕತ್ತಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ವಶ ಮಾಡಿಕೊಂಡಿತು. ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದಲ್ಲಿರುವ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು.

ಮೂವತ್ತನಾಲ್ಕು ವರ್ಷ ನಾನು ಶಾಲೆಯಲ್ಲಿ ಪಾಠ ಮಾಡಿದೆ. ಹೈಫಾ ಅಂತ ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ. ಅದು ಈಗಲೂ ಕೊರೆಯುತ್ತದೆ.

ಊರಿಗೆ ಬಂದ ಮೇಲೆ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋದೆ. ಆಟೊದವರಿಗೆ ಜಾಗ ಗೊತ್ತಿರಲಿಲ್ಲ, ಕೇಳಿಕೊಂಡು ಹೋದೆವು. 'ಏನಮ್ಮ ಇದು?' ಅಂದರು ಅವರು. ಹೇಳಿದೆ. ಆಟೊ ಪಕ್ಕಕ್ಕೆ ಹಾಕಿ, ಚಪ್ಪಲಿ ಬಿಟ್ಟು, ನನ್ನ ಜೊತೆ ಅವರೂ ಕೈಮುಗಿದರು. ಹೇಳುವವರಿದ್ದರೆ ನಮ್ಮ ಜನ ನಿಂತು ನೆನೆಯುತ್ತಾರೆ, ಅಲ್ವಾ?

ಬ್ರಿಟಿಷರ ಯುದ್ಧದಲ್ಲಿ ಸತ್ತವರನ್ನು ನಾವ್ಯಾಕೆ ನೆನೆಯಬೇಕು ಅಂತ ಕೆಲವರು ಕೇಳಬಹುದು. ನನಗೂ ಯುದ್ಧ ಬೇಡ. ಪಕ್ಕದ ಮನೆಯಾಕೆಗೂ ಬೇಡವಾಗಿತ್ತು. ಆದರೆ ಮೈಸೂರು ಸೀಮೆಯ ಯಾವುದೋ ಹಳ್ಳಿಯ ತಾಯಿ ಮಗನ ದಾರಿ ಕಾದಿದ್ದು ಸುಳ್ಳಲ್ಲ. ಸೆಪ್ಟೆಂಬರ್ 23ರ ಆಸುಪಾಸಿಗೇ ನಮ್ಮ ಪಿತೃಪಕ್ಷವೂ ಬರುತ್ತದೆ. ಮಹಾಲಯ ಅಮಾವಾಸ್ಯೆಗೆ ಕಂಡಿರದ ಮುತ್ತಜ್ಜನಿಗೂ ಎಡೆ ಇಡುವ ಜನ ನಾವು. ಇವರಿಗೂ ಒಂದು ಹಣತೆ ಹಚ್ಚುವುದು ನಮಗೆ ಹೊಸ ಆಚಾರವೇನೂ ಆಗುವುದಿಲ್ಲ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಈ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಬಗ್ಗೆ ಒಂದು ಪುಟ ಕೊಡಿ, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ. ನಿಮ್ಮ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪದಕ, ಕಾಗದ, ಕುದುರೆಯ ಮೇಲೆ ಕೂತ ಮುತ್ತಜ್ಜನ ಫೋಟೊ ಇದ್ದರೆ ಕಳಿಸಿಕೊಡಿ ಎಂದು ಈಗಲೇ ಕೇಳಿ. ಹೆಸರು, ಊರು ಇಷ್ಟು ಸಿಕ್ಕರೂ ಸಾಕು.

ಇಂತಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ