ಫ್ಲೈಶರ್ ಮೇಷ್ಟ್ರಿಗೆ, ಎಡಗೈ ಕಲಿತವರ ವಂದನೆ

ಬಲಗೈ ನೋವಿನಿಂದ ಪಿಯಾನೋ ನಿಲ್ಲಿಸಬೇಕಾಗಿದ್ದ ವಿದ್ಯಾರ್ಥಿಗಳಿಗೆಂದು ನಡೆಸಿದ, ಎಡಗೈ ಒಂದರಲ್ಲೇ ನುಡಿಸುವ ಪಾಠಗಳು ಈ ವಾರ ಮುಗಿದವು. ಕೃತಜ್ಞತೆ ಹೇಳಲು ಕೂತರೆ ಮೊದಲು ನೆನಪಾಗುವವರು 2020ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡ ಪಿಯಾನೋ ವಾದಕ ಲಿಯಾನ್ ಫ್ಲೈಶರ್.

1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್ ಅವರು. 1964ರ ಹೊತ್ತಿಗೆ ಬಲಗೈಯ ಉಂಗುರಬೆರಳು, ಕಿರುಬೆರಳು ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳತೊಡಗಿದವು. ಅದು ಫೋಕಲ್ ಡಿಸ್ಟೋನಿಯಾ ಎಂದು ಗೊತ್ತಾಗಲು ವರ್ಷಗಳೇ ಹಿಡಿದವು. ಈ ತೊಂದರೆಯಲ್ಲಿ ಬೆರಳಿಗೆ ಬಲ ಕಡಿಮೆಯಾಗಿರುವುದಿಲ್ಲ, ಮಿದುಳಿನಿಂದ ಬರುವ ಸೂಚನೆ ಕಲಸಿಹೋಗಿರುತ್ತದೆ. ಹಟ ಹಿಡಿದು ಸಾಧಕ ಮಾಡಿದಷ್ಟೂ ತಪ್ಪು ಚಲನೆಯೇ ಗಟ್ಟಿಯಾಗುತ್ತದೆ. ನೋವನ್ನು ಮೀರಿ ನುಡಿಸು ಎನ್ನುವ ಗುರುಗಳು ಇದನ್ನು ತಿಳಿಯಲೇಬೇಕು.

ಅಮೆರಿಕದ ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಅವರು 1959ರಿಂದ ಕಲಿಸುತ್ತಿದ್ದರು. ಕೈ ಸರಿಯಿದ್ದಾಗ ನುಡಿಸಿ ತೋರಿಸಿದರೆ ಸಾಕಿತ್ತು. ಆಮೇಲೆ ಪ್ರತಿಯೊಂದನ್ನೂ ಮಾತಿಗೆ ತರಬೇಕಾಯಿತು. ನುಡಿಸಿ ತೋರಿಸಿದ್ದನ್ನು ಶಿಷ್ಯ ಹಾಗೇ ಒಪ್ಪಿಸಬಹುದು. ಮಾತಿನಲ್ಲಿ ಕೇಳಿದ್ದನ್ನು ತನ್ನ ಕಿವಿಯಿಂದಲೇ ಹುಡುಕಬೇಕು. ನಮ್ಮ ಪಾಠಗಳೂ ಹಾಗೇ ನಡೆದವು.

ರಷ್ಯಾದ ಸಂಗೀತ ರಚನಕಾರ ಸ್ಕ್ರಿಯಾಬಿನ್ ತನ್ನ ಬಲಗೈ ಕೆಟ್ಟಿದ್ದಾಗ, 1894ರಲ್ಲಿ, ಎಡಗೈಗೆಂದು ಬರೆದ ನಾಕ್ಟರ್ನ್ (ರಾತ್ರಿಯ ಭಾವದ ಕೃತಿ) ತೆಗೆದುಕೊಳ್ಳಿ. ಎಡಗೈಯಲ್ಲಿ ಹೆಬ್ಬೆರಳೇ ಮೇಲಿನ ಸ್ವರಗಳ ಕಡೆ ಇರುವುದರಿಂದ ಹಾಡುವ ಹೊಣೆ ಅದರದು. ಆದರೆ ದಪ್ಪ ಬೆರಳು, ಒತ್ತಿದರೆ ಗುದ್ದಿದ ಹಾಗೆ ಕೇಳುತ್ತದೆ. ಉಗುರಿನ ಪಕ್ಕದ ಅಂಚಿನಿಂದ, ಮಣಿಕಟ್ಟು ಸಡಿಲ ಬಿಟ್ಟು ಕೀ ಇಳಿಸಬೇಕು. ಕಿರುಬೆರಳು ತಳದ ಸ್ವರ ಹಿಡಿದಿರುವಾಗಲೇ, ಕೈ ತೆಗೆದರೂ ಸ್ವರ ನಿಲ್ಲದಂತೆ ಹಿಡಿದಿಡುವ ಕಾಲಿನ ಪೆಡಲ್ ಕೆಳಗೆ ಹೋಗಬೇಕು, ಆಮೇಲೆ ಕೈ ಮೇಲಕ್ಕೆ ಹಾರಬೇಕು. ಅರೆಕ್ಷಣ ಮೊದಲೇ ಕೈ ಎತ್ತಿದರೆ ತಳದ ಸ್ವರ ಸತ್ತುಹೋಗುತ್ತದೆ, ಮೆಲಡಿ ಒಂಟಿಯಾಗುತ್ತದೆ. ಹೆಚ್ಚಿನವರು ಎಡವಿದ್ದು ಇಲ್ಲೇ. ಸ್ಟೂಲನ್ನು ನಾಲ್ಕು ಬೆರಳಷ್ಟು ಬಲಕ್ಕೆ ಸರಿಸಿ ಕೂತರೆ ಮೇಲಿನ ಕೀಗಳಿಗೆ ಸೊಂಟ ತಿರುಚಬೇಕಾಗಿಲ್ಲ. ಹದಿನೈದು ನಿಮಿಷ ನುಡಿಸಿ ಐದು ನಿಮಿಷ ಬಿಡಬೇಕು. ಇರುವ ಒಂದೇ ಕೈಯನ್ನೂ ಕೆಡಿಸಿಕೊಳ್ಳಬಾರದಲ್ಲ.

ರಚನಕಾರ ಬಾಕ್ ಒಂಟಿ ವಯಲಿನ್‌ಗೆ ಬರೆದ ಷಕೋನ್ ಎಂಬ ಕೃತಿಯನ್ನು ಬ್ರಾಮ್ಸ್ ಪಿಯಾನೋದ ಎಡಗೈಗೆ ಇಳಿಸಿದ್ದು, ಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೋ ವಾದಕ ಪೌಲ್ ವಿಟ್‌ಗೆನ್‌ಸ್ಟೈನ್‌ಗೆ ರಾವೆಲ್ ಬರೆದ ಕನ್ಸರ್ಟೊ (ವಾದ್ಯವೃಂದದೊಡನೆ ನುಡಿಸುವ ಕೃತಿ), ಇವೆರಡನ್ನೂ ಫ್ಲೈಶರ್ ಅವರ ರೆಕಾರ್ಡಿಂಗ್‌ನಲ್ಲಿ ಮತ್ತೆ ಮತ್ತೆ ಕೇಳಿದೆವು. 1990ರ ದಶಕದಲ್ಲಿ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದಿನ ನೆರವಿನಿಂದ ಅವರ ಬೆರಳು ಬಿಚ್ಚಿಕೊಂಡವು. ಮದ್ದಿನ ಪರಿಣಾಮ ಕೆಲವೇ ತಿಂಗಳು, ಮತ್ತೆ ಚುಚ್ಚಿಸಿಕೊಳ್ಳಬೇಕು. ಎರಡೂ ಕೈಯಲ್ಲಿ ನುಡಿಸುವಂತಾದ ಮೇಲೂ ಕಾಯಿಲೆ ಪೂರ್ತಿ ವಾಸಿಯಾಯಿತೆಂದು ಅವರು ಹೇಳಿಕೊಳ್ಳಲಿಲ್ಲ. ಆ ಪ್ರಾಮಾಣಿಕತೆಗೆ ನಮ್ಮ ವಿದ್ಯಾರ್ಥಿಗಳ ಪರವಾಗಿ ದೊಡ್ಡ ನಮಸ್ಕಾರ.

ಪಿಯಾನೋ ಶ್ರುತಿ ಮಾಡಿಕೊಟ್ಟ ಅಣ್ಣನಿಗೂ ವಂದನೆ. ಎಡಗೈ ಕೃತಿಗಳಲ್ಲಿ ಪೆಡಲ್‌ಗೆ ಬಿಡುವೇ ಇಲ್ಲ, ಅದರ ಕಿರಗುಟ್ಟುವ ಸದ್ದು ಪ್ರತಿ ಸಲವೂ ಸ್ವರಕ್ಕಿಂತ ಮೊದಲು ಕೇಳುತ್ತಿತ್ತು. ಕೆಳಗೆ ಬಗ್ಗಿ ಕೂತು, ಸವೆದ ಫೆಲ್ಟ್ (ಉಣ್ಣೆಯ ಮೆತ್ತೆ) ಬದಲಿಸಿ, ಸದ್ದು ನಿಂತ ಮೇಲೇ ಅವರು ಎದ್ದದ್ದು.