ಇ-ಬೈಕ್‌ಗೆ ಜಾಗ ಕೊಡಿ, ಫುಟ್‌ಪಾತ್ ಮೇಲಲ್ಲ

ಸಂಪಾದಕರೇ,

ಮೆಟ್ರೊ ಇಳಿದವರು ಕಚೇರಿ ಮುಟ್ಟಲು ಉಳಿಯುವ ಒಂದೆರಡು ಕಿಲೋಮೀಟರ್‌ಗೆ ಬಾಡಿಗೆ ಇ-ಬೈಕ್ ಒಳ್ಳೆಯ ಗಾಡಿ. ಆಟೊದವರನ್ನು ಗೋಗರೆಯಬೇಕಿಲ್ಲ. ಆದರೆ ಜನರಿಗೆ ಅದರ ಮೇಲಿರುವ ಸಿಟ್ಟು ಓಡುವಾಗಿನದ್ದಲ್ಲ, ನಿಂತಾಗಿನದ್ದು. ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಅಡ್ಡಾದಿಡ್ಡಿ ಬಿಟ್ಟ ಗಾಡಿಗಳನ್ನು ಸುತ್ತುಹಾಕಿ ಹೋಗಲು ನಡೆಯುವವರು ರಸ್ತೆಗಿಳಿಯುತ್ತಾರೆ. ಹಿಂದೆ ಬಿಎಂಟಿಸಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಸವಾರರನ್ನು ಬೈದ ಮಾತ್ರಕ್ಕೆ ಇದು ಸರಿಹೋಗದು. ನಿಲ್ಲಿಸುವ ಜಾಗವನ್ನೇ ಫುಟ್‌ಪಾತ್‌ನಿಂದ ಕೆಳಗಿಳಿಸಬೇಕು.

ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿಯಂತೆ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕು. ಅಡ್ಡ ನಿಂತ ಇ-ಬೈಕ್ ಒಂದೂವರೆ ಮೀಟರ್ ನುಂಗುತ್ತದೆ. ಮರ, ಟ್ರಾನ್ಸ್‌ಫಾರ್ಮರ್, ಚಪ್ಪಡಿ ಎದ್ದ ಮೋರಿ ಕಳೆದ ಮೇಲೆ ನಮ್ಮ ಫುಟ್‌ಪಾತ್‌ಗಳಲ್ಲಿ ಉಳಿಯುವುದಾದರೂ ಎಷ್ಟು? ಅದೇ ರಸ್ತೆ ಬದಿಯಲ್ಲಿ ಒಂದು ಕಾರು ನಿಲ್ಲುವ ಸುಮಾರು 5 ಮೀಟರ್ ಉದ್ದದಲ್ಲಿ ಆರೇಳು ಇ-ಬೈಕ್ ಆರಾಮಾಗಿ ನಿಲ್ಲುತ್ತವೆ. ಜೀಬ್ರಾ ಪಟ್ಟೆಗೆ ತುಸು ಮುಂಚಿನ ಕಾರಿನ ಜಾಗವನ್ನೇ ಇದಕ್ಕೆ ಬಿಟ್ಟರೆ ಮರೆ ತಪ್ಪುತ್ತದೆ. ದಾಟಲು ಕಾದು ನಿಂತ ಮಗು ಕೂಡ ಬರುವ ವಾಹನದವರ ಕಣ್ಣಿಗೆ ಬೀಳುತ್ತದೆ.

ಅಲ್ಲಿಯವರೆಗೆ ಫುಟ್‌ಪಾತ್ ಮೇಲೆಯೇ ನಿಲ್ಲಿಸಬೇಕಾಗಿ ಬಂದರೆ ರಸ್ತೆ ಕಡೆಯ ಅಂಚಿನಲ್ಲಿ, ಮರ-ಕಂಬಗಳ ಸಾಲಿಗೆ, ಉದ್ದುದ್ದಕ್ಕೆ ನಿಲ್ಲಿಸಿ. ಗಾಲಿಕುರ್ಚಿ ಇಳಿಯುವ ಇಳಿಜಾರು, ಬಸ್ ತಂಗುದಾಣ, ಮನೆ ಗೇಟಿನ ಮುಂದೆ ಬೇಡ. ಹಳದಿ ಉಬ್ಬು ಟೈಲ್ಸ್ ಮೇಲಂತೂ ಬೇಡವೇ ಬೇಡ. ಅದು ಅಲಂಕಾರವಲ್ಲ: ಉದ್ದ ಗೆರೆ ಇದ್ದರೆ ನೇರ ನಡೆ, ಚುಕ್ಕೆ ಇದ್ದರೆ ಎಚ್ಚರ ಎಂದು ಕಣ್ಣು ಕಾಣದವರಿಗೆ ಹೇಳುತ್ತದೆ. ಅವರ ಬಿಳಿ ಕೋಲು ಗಾಡಿಯ ಫುಟ್‌ಬೋರ್ಡ್ ಕೆಳಗೆ ತೂರಿಹೋದರೆ ಏನೂ ತಾಕದು, ಮುಂದಿನ ಹೆಜ್ಜೆಗೆ ಹ್ಯಾಂಡಲ್ ಎದೆಗೆ ಬಡಿಯುತ್ತದೆ.

ಸ್ಟ್ಯಾಂಡನ್ನು ಗಟ್ಟಿ ನೆಲದ ಮೇಲೆ ಹಾಕಿ. ಮಳೆಗೆ ನೆನೆದ ಮಣ್ಣಿನಲ್ಲಿ ಅದು ಮೆಲ್ಲಗೆ ಇಳಿದು ಗಾಡಿ ಮಗುಚುತ್ತದೆ. ಹ್ಯಾಂಡಲ್‌ಗೆ ಹ್ಯಾಂಡಲ್ ತಗುಲುವಂತೆ ನಿಲ್ಲಿಸಿದ್ದರೆ ಒಂದರ ಹಿಂದೆ ಇಡೀ ಸಾಲೇ ಬೀಳುತ್ತದೆ. ನಡುವೆ ಒಂದು ಗೇಣಾದರೂ ಬಿಡಿ. ಬಿದ್ದಾಗ ಸುಲಭವಾಗಿ ಬಾಗುವುದು ಬ್ರೇಕ್ ಲಿವರ್. ಬ್ರೇಕ್ ಹಿಡಿದೊಡನೆ ಮೋಟಾರ್‌ಗೆ ಕರೆಂಟ್ ಕಡಿಯುವ ಸ್ವಿಚ್ ಸಾಮಾನ್ಯವಾಗಿ ಆ ಲಿವರ್‌ನಲ್ಲೇ ಇರುತ್ತದೆ. ಲಿವರ್ ಪೂರ್ತಿ ವಾಪಸ್ ಬಾರದಿದ್ದರೆ ಆಕ್ಸಿಲರೇಟರ್ ಎಷ್ಟು ತಿರುವಿದರೂ ಗಾಡಿ ಕದಲದು. ಮುಂದೆ ಬಂದವರು ‘ಬ್ಯಾಟರಿ ಹೋಗಿದೆ’ ಎಂದು ದೂರು ಕೊಟ್ಟು ಹೋಗುತ್ತಾರೆ. ಸಿಬ್ಬಂದಿ ಬಂದು ಬ್ಯಾಟರಿ ಬದಲಿಸಿದರೂ ಗಾಡಿ ಕದಲದೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಲಿವರನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಿ. ಆಗಲೂ ಓಡದಿದ್ದರೆ ಬ್ರೇಕ್ ತೊಂದರೆ ಎಂದೇ ಆ್ಯಪ್‌ನಲ್ಲಿ ಬರೆಯಿರಿ.

‘ನಿಗದಿತ ಜಾಗದಲ್ಲೇ ಇದ್ದೇನೆ, ಸವಾರಿ ಮುಗಿಸಲು ಆ್ಯಪ್ ಒಪ್ಪುತ್ತಿಲ್ಲ’ ಎಂಬ ಜಗಳಕ್ಕೂ ಕಾರಣವಿದೆ. ಮೆಟ್ರೊ ಮೇಲ್ಸೇತುವೆಯ ಕೆಳಗೆ, ಗಾಜಿನ ಕಟ್ಟಡಗಳ ನಡುವೆ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಗಾಡಿ ಹತ್ತಾರು ಮೀಟರ್ ಆಚೆ ಇದ್ದಂತೆ ತೋರಬಹುದು. ಆಕಾಶ ಕಾಣುವ ಕಡೆಗೆ ನಾಲ್ಕು ಹೆಜ್ಜೆ ತಳ್ಳಿಕೊಂಡು ಬಂದು, ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ. ಸವಾರಿ ಮುಗಿದದ್ದು ಪರದೆಯಲ್ಲಿ ಕಂಡ ಮೇಲೆ ಎರಡೂ ಚಕ್ರ ಮತ್ತು ನೆಲದ ಗುರುತು ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬೇಸ್‌ಮೆಂಟ್‌ನಲ್ಲಿ ಸವಾರಿ ಮುಗಿಸುವ ಯೋಚನೆಯೇ ಬೇಡ.

ಓಡಿಸುವ ಬಗ್ಗೆ ಹೇಳಬೇಕಾದ್ದು ಕಡಿಮೆ. ಮೋಟಾರ್ ಶಕ್ತಿ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಗಾಡಿಗೆ ಲೈಸೆನ್ಸ್ ಬೇಕಿಲ್ಲ. ಹಾಗೆಂದು ಏಕಮುಖ ರಸ್ತೆಯಲ್ಲಿ ಎದುರಿನಿಂದ ಬರಬಹುದೆಂದಲ್ಲ. ಹೊರಡುವ ಮುನ್ನ ಎರಡೂ ಬ್ರೇಕ್ ಹಿಡಿದು ಗಾಡಿಯನ್ನು ಮುಂದಕ್ಕೆ ತಳ್ಳಿ ನೋಡಿ, ಹೆಲ್ಮೆಟ್ ಹಾಕಿ. ಚಕ್ರ ಚಿಕ್ಕದು, ವೈಟ್‌ಟಾಪಿಂಗ್ (ಕಾಂಕ್ರೀಟ್ ಹೊದಿಸಿದ) ರಸ್ತೆಯ ಅಂಚನ್ನು ಓರೆಯಾಗಿ ಹತ್ತಿಸಿದರೆ ಜಾರುತ್ತದೆ, ನೇರಕ್ಕೆ ಹತ್ತಿಸಿ. ನಿಂತ ಬಸ್ಸಿನ ಎಡಕ್ಕೆ ನುಗ್ಗಬೇಡಿ, ಜನ ಇಳಿಯುವುದೇ ಆ ಕಡೆ.

ಈಗ ಬೆಂಗಳೂರಿಗೆ ಐದು ಪಾಲಿಕೆಗಳಿವೆ. ಒಂದೊಂದೂ ತನ್ನ ವ್ಯಾಪ್ತಿಯ ಮೆಟ್ರೊ ನಿಲ್ದಾಣಗಳ ಬಳಿ ಎರಡೆರಡು ಕಾರಿನ ಜಾಗಕ್ಕೆ ಗೆರೆ ಎಳೆದು ಇ-ಬೈಕ್‌ಗೆ ಕೊಡಲಿ. ಗೆರೆ ಎಳೆದ ದಿನವೇ ಬಾಡಿಗೆ ಕಂಪನಿಗಳು ಫುಟ್‌ಪಾತ್ ಮೇಲಿನ ಜಾಗಗಳನ್ನು ಆ್ಯಪ್ ನಕ್ಷೆಯಿಂದ ತೆಗೆಯಲಿ. ಮೂಲೆಗಳಲ್ಲಿ ಕಂಬ ನೆಡುವುದನ್ನು ಮರೆಯಬಾರದು; ಬರೀ ಬಣ್ಣ ಬಳಿದು ಬಿಟ್ಟರೆ ಮರುದಿನ ಬೆಳಗ್ಗೆ ಅಲ್ಲಿ ಕಾರು ನಿಂತಿರುತ್ತದೆ.

– ಇ-ಬೈಕ್ ಮೆಕ್ಯಾನಿಕ್‌ಗಳು, ಜಯನಗರ, ಬೆಂಗಳೂರು