ಎಂಟಕ್ಕೆ ಏಳು ಅಂಕ

ಮೊನ್ನೆಯ ರಿಪೋರ್ಟಿನಲ್ಲಿ ಲಿವರಿನ ನೋವು ತೋರಿಸುವ ಎಸ್‌ಜಿಪಿಟಿ 28. ರಕ್ತದ ಪ್ರತಿಕಾಯಗಳ ಅಳತೆ ಐಜಿಜಿಯೂ ಮಿತಿಯೊಳಗೆ. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ಬೀಳುವ ಆಟೋಇಮ್ಯೂನ್ ಹೆಪಟೈಟಿಸ್ ನನಗೆ, ಅದು ಹೀಗೆ ಹತೋಟಿಯಲ್ಲಿದ್ದು ಎರಡು ವರ್ಷ ತುಂಬಿತು ಅಂತ ಶಾವಿಗೆ ಪಾಯಸ ಮಾಡಿದೆ. ಈಗ ಋಣ ನೆನೆಯಬೇಕು.

ಕಣ್ಣು ಹಳದಿಯಾದಾಗ ಪಕ್ಕದ ಮನೆಯ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಕಾಮಾಲೆ ಇಳಿಯಿತು, ಮತ್ತೆ ಬಂತು. ಒಂದು ಕಡೆ ಫ್ಯಾಟಿ ಲಿವರ್ ಅಂತ ನಾಲ್ಕು ತಿಂಗಳು ಮಾತ್ರೆ ನುಂಗಿಸಿದರು. ನಂಟರದ್ದು ಬೇರೆ, ‘ಲಿವರ್ರಾ? ಕುಡಿಯೋರಿಗಲ್ವಾ ಬರೋದು?’

ಕೊನೆಗೆ ಸಿಕ್ಕ ಲಿವರ್ ಡಾಕ್ಟರಿಗೆ ಮೊದಲ ನಮಸ್ಕಾರ. ನನ್ನ ಫೈಲಿನ ಹಿಂಬದಿಗೆ ಗೀಟೆಳೆದು, ಈ ಕಾಯಿಲೆ ಗುರುತಿಸುವ, ಎಂಟು ಅಂಕದ 2008ರ ಸರಳ ಪಟ್ಟಿಯಂತೆ ಅಂಕ ಹಾಕುತ್ತ ಹೋದರು. ದೇಹದ ಕೋಶಗಳ ವಿರುದ್ಧವೇ ಹುಟ್ಟುವ ಪ್ರತಿಕಾಯ ಎಎನ್‌ಎ 1:80, ಅದಕ್ಕೆ ಎರಡು. ಐಜಿಜಿ 2,140, ಮಿತಿ 1,600. ಮಿತಿಯ 1.1 ಪಟ್ಟು ದಾಟಿದರೆ ಎರಡು. ಹೆಪಟೈಟಿಸ್ ವೈರಸ್ ಇಲ್ಲ, ಇನ್ನೆರಡು. ‘ಆರಾಯ್ತು ಮೇಡಂ. ಆರಕ್ಕೆ ಇರಬಹುದು ಅಂತೀವಿ, ಏಳಕ್ಕೆ ಹೌದು ಅಂತೀವಿ. ಬಯಾಪ್ಸಿ ಮಾಡೋಣ.’ ಇಪ್ಪತ್ತು ವರ್ಷ ಪೇಪರ್ ತಿದ್ದಿದವಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ!

1999ರ ಉದ್ದನೆಯ ಪಟ್ಟಿಯನ್ನೂ ತೆಗೆದರು. ಅದರಲ್ಲಿ ಹೆಣ್ಣಾಗಿದ್ದಕ್ಕೇ ಎರಡು ಅಂಕ (ಹೆಣ್ಣೆಂದು ನನಗೆ ಅಂಕ ಸಿಕ್ಕಿದ್ದು ಅದೊಂದೇ ಕಡೆ). ಕುಡಿಯದಿದ್ದಕ್ಕೂ ಎರಡು, ನಂಟರಿಗೆ ತೋರಿಸಬೇಕೆನಿಸಿತು. ಲಿವರಿಗೆ ಆಗದ ಔಷಧಿ ತಿಂದಿದ್ದರೆ ಮಾತ್ರ ನಾಲ್ಕು ಕಟ್. ಅದಕ್ಕೇ ನೆಲನೆಲ್ಲಿಯ ವಿಚಾರಣೆ ನಡೆಯಿತು: ಎಷ್ಟು ದಿನ ಕುಡಿದಿರಿ, ಕಾಮಾಲೆಗೆ ಮೊದಲೋ ಆಮೇಲೋ? ಆಮೇಲೆ ಎಂದೆ. ಬರೆದುಕೊಂಡರು, ಬೈಯಲಿಲ್ಲ.

ಬಯಾಪ್ಸಿಯ ದಿನ ಬಲಮಗ್ಗುಲಿಗೆ ಅಲುಗದೆ ಮಲಗಿದ್ದಾಗ ಕೈ ಹಿಡಿದು ಕೂತಿದ್ದ ಸಿಸ್ಟರ್, ನಿಮ್ಮ ಹೆಸರು ಕೇಳುವುದೂ ಮರೆತೆ. ಮುಖವನ್ನೇ ಕಾಣದ ಪೆಥಾಲಜಿಸ್ಟ್‌ಗೂ ವಂದನೆ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಲಿವರ್ ಕೋಶಗಳ ಅಂಚಿಗೆ ಮುತ್ತಿದ್ದನ್ನು ಕಂಡರೂ, ಲಿವರ್ ಕೋಶಗಳು ಹೂವಿನಂತೆ ಸುತ್ತುಗಟ್ಟಿದ ರೋಸೆಟ್ ಕಾಣಲಿಲ್ಲವೆಂದು ಎರಡರಲ್ಲಿ ಒಂದೇ ಅಂಕ ಕೊಟ್ಟರಂತೆ. ಕಟ್ಟುನಿಟ್ಟಿನ ಮೌಲ್ಯಮಾಪಕರು. ಒಟ್ಟು ಏಳು. ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಹೆಸರು ಸಿಕ್ಕಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ಗೆ ಮುಖ ಪೂರಿಯಂತೆ ಉಬ್ಬಿದಾಗ ಕನ್ನಡಿಗೆ ಬಟ್ಟೆ ಹೊದಿಸಿದ್ದು, ಡೋಸ್ ಇಳಿದ ಪ್ರತಿ ದಿನವನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತಿಸಿದ್ದು ಮಗಳು. ಅವಳಿಗೆ ಏನೆಂದು ಥ್ಯಾಂಕ್ಸ್ ಹೇಳಲಿ? ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮಾತ್ರೆ ಅಜಥಯೋಪ್ರಿನ್ ಇನ್ನೂ ಮುಂದುವರಿದಿದೆ, ಕೆಲವು ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡುವುದೂ.

ಅಜ್ಜಿಗೂ ಪಾಯಸ ಕೊಟ್ಟು ಬಂದೆ. ‘ನೋಡ್ದ್ಯಾ, ನಮ್ ನೆಲನೆಲ್ಲಿ!’ ಅಂದರು. ಅಂಕಪಟ್ಟಿ ವಿವರಿಸಲು ಹೊರಟೆ. ಅಷ್ಟರಲ್ಲಿ ಇನ್ನೊಂದು ಸೌಟು ಕೇಳಿದರು.